ಮಳೆಗಾಲದ ಮನೆ ದುರಸ್ತಿಗೆ ಹಣದ ದಾರಿ: ಸಣ್ಣ ಬೆಳೆಗಾರರ ತಿಳುವಳಿಕೆಗಾಗಿ



ಮಲೆನಾಡಿನಲ್ಲಿ ಕೈಯಲ್ಲಿ ಹಣವಿರುವ ಕಾಲವೇ ಬೇರೆ, ಮನೆ ಬೀಳುವ ಕಾಲವೇ ಬೇರೆ. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿಯವರೆಗೆ ಕಣಕ್ಕೆ ಬರುತ್ತದೆ. ಅದರ ಬೆನ್ನಿಗೆ ರೊಬಸ್ಟಾ. ಅಡಿಕೆ ಕೊನೆ ಇಳಿಯುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಗೋಡೆ ನೆನೆದು ಜರಿಯುವುದು, ಪಕಾಸು ಮುರಿದು ಮಾಡು ಕುಳಿತುಕೊಳ್ಳುವುದು, ಮನೆಯ ಹಿಂದಿನ ಧರೆ ಕುಸಿಯುವುದು ಮಾತ್ರ ಆಷಾಢ ಶ್ರಾವಣಗಳಲ್ಲಿ. ಆ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಬಿಡುವು ಕೊಟ್ಟಾಗ ಗೊಬ್ಬರ ಹಾಕಬೇಕು, ಮಕ್ಕಳ ಶಾಲೆ ಕಾಲೇಜಿನ ಶುಲ್ಕ ಆಗಷ್ಟೇ ಕಟ್ಟಿ ಕೈ ಖಾಲಿಯಾಗಿರುತ್ತದೆ. ಎರಡು ಮೂರು ಎಕರೆಯ ಹಿಡುವಳಿದಾರನಿಗೆ ವರ್ಷದಲ್ಲಿ ಅತ್ಯಂತ ಬಿಗಿಯಾದ ಎರಡು ತಿಂಗಳು ಇವೇ.

ಸಂಘದ ಕಚೇರಿಗೆ ಪ್ರತಿ ಮಳೆಗಾಲದಲ್ಲೂ ಸದಸ್ಯರು ಬಂದು ಕೇಳುವ ಪ್ರಶ್ನೆ ಒಂದೇ: ಮನೆ ಸೋರುತ್ತಿದೆ, ಗೋಡೆ ಹೋಗಿದೆ, ಎಲ್ಲಿಂದಾದರೂ ಸಹಾಯ ಸಿಗುವುದೇ? ಸಿಗುತ್ತದೆ. ಆದರೆ ಅದು ಒಂದೇ ಕಡೆ, ಒಂದೇ ಗಂಟಾಗಿ ಸಿಗುವುದಿಲ್ಲ. ಎಲ್ಲಿ ಎಷ್ಟು ಸಿಗುತ್ತದೆ, ಯಾವ ಕಡೆ ಹೋದರೆ ವೃಥಾ ಅಲೆದಾಟ ಎಂಬುದನ್ನು ಒಮ್ಮೆ ವಿಸ್ತಾರವಾಗಿ ಬರೆಯೋಣವೆಂದು ಈ ಲೇಖನ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಗ್ಗದ ಹಣ ನಿಧಾನವಾಗಿ ಬರುತ್ತದೆ, ಬೇಗ ಬರುವ ಹಣ ದುಬಾರಿಯಾಗಿರುತ್ತದೆ. ಸರ್ಕಾರದ ಪರಿಹಾರವಾಗಲಿ, ಬ್ಯಾಂಕಿನ ಗೃಹ ದುರಸ್ತಿ ಸಾಲವಾಗಲಿ ವಾರದಲ್ಲಿ ಕೈಗೆ ಬರುವುದಿಲ್ಲ. ವಾರದಲ್ಲಿ ಬರುವುದು ಪರಿಚಯದ ವ್ಯಾಪಾರಿಯ ಮುಂಗಡ, ಇಲ್ಲವೇ ಕೈಸಾಲ. ಮಳೆ ಸುರಿಯುತ್ತಿರುವಾಗ, ಮನೆಯಲ್ಲಿ ವಯಸ್ಸಾದವರೂ ಮಕ್ಕಳೂ ಇರುವಾಗ, ಬೇಗ ಬರುವುದಕ್ಕೇ ಕೈ ಚಾಚುವುದು ಸಹಜ. ಅಲ್ಲಿಯೇ ಕಷ್ಟ ಆರಂಭವಾಗುವುದು.

ಲೆಕ್ಕ ಹಾಕಿ ನೋಡಿ. ಜುಲೈ ತಿಂಗಳಲ್ಲಿ 40,000 ರೂಪಾಯಿ ಕೈಸಾಲ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 1,200. ಫಸಲಿನ ಹಣ ಬರುವವರೆಗೆ ಏಳು ತಿಂಗಳಿಗೆ 8,400. ಅದೇ ಮೊತ್ತಕ್ಕೆ ವರ್ಷಕ್ಕೆ ನೂರಕ್ಕೆ 12ರ ದರವಾದರೆ ಏಳು ತಿಂಗಳಿಗೆ 2,800. ವ್ಯತ್ಯಾಸ 5,600 ರೂಪಾಯಿ. ಇದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದಿದೆ. ಮುಂಗಡ ಕೊಟ್ಟವರು ಬಹುತೇಕ ಬಡ್ಡಿ ಕೇಳುವುದಿಲ್ಲ, ಫಸಲು ಕೇಳುತ್ತಾರೆ. ತೋಟವನ್ನು ಖೇಣಿಗೆ ಬರೆಸಿಕೊಳ್ಳುತ್ತಾರೆ, ಅಥವಾ ಒಣಗಿದ ಮಾಲನ್ನು ತಮಗೇ ಹಾಕಬೇಕೆಂದು ಮಾತು ಕಟ್ಟಿಸಿಕೊಳ್ಳುತ್ತಾರೆ. ಪೇಟೆಯ ಧಾರಣೆಗಿಂತ ಕ್ವಿಂಟಾಲಿಗೆ 2,000 ರೂಪಾಯಿ ಕಡಿಮೆ ಸಿಕ್ಕಿತೆಂದರೆ ಆರು ಕ್ವಿಂಟಾಲ್ ಅಡಿಕೆಗೆ 12,000 ಹೋಯಿತು. "ಬಡ್ಡಿಯಿಲ್ಲದ ಮುಂಗಡ" ಎಂದು ನಾವು ಸಮಾಧಾನಪಟ್ಟುಕೊಳ್ಳುವುದು ಇದನ್ನೇ. ಒಂದು ಗೋಡೆಗಾಗಿ ಒಂದು ವರ್ಷದ ಫಸಲಿನ ಸ್ವಾತಂತ್ರ್ಯವನ್ನು ಕೊಟ್ಟ ಕುಟುಂಬಗಳು ನಮ್ಮ ನಡುವೆಯೇ ಇವೆ. ಮರುವರ್ಷ ಮತ್ತೆ ಅದೇ ವ್ಯಾಪಾರಿಯ ಬಾಗಿಲಿಗೆ ಹೋಗಬೇಕಾಗುವುದೂ ಇದರಿಂದಲೇ.

ಇದನ್ನು ತಪ್ಪಿಸುವ ಉಪಾಯ ಹಣಕಾಸಿನದಲ್ಲ, ಮರಗೆಲಸದ್ದು ಮತ್ತು ಗಾರೆಕೆಲಸದ್ದು.

ದುರಸ್ತಿಯನ್ನು ಎರಡಾಗಿ ಒಡೆಯುವುದು

ಮೇಸ್ತ್ರಿಯನ್ನೂ ಬಡಗಿಯನ್ನೂ ಕರೆಸಿದಾಗ ಅವರು ಒಂದೇ ಅಂದಾಜು ಹೇಳುತ್ತಾರೆ: ಒಂದೂವರೆ ಲಕ್ಷ, ಎರಡು ಲಕ್ಷ. ಆ ಮೊತ್ತ ಕೇಳಿ ಎದೆಗುಂದುತ್ತದೆ. ಅವರಿಂದ ಎರಡು ಚೀಟಿ ಬರೆಸಿಕೊಳ್ಳಿ. ಒಂದು, ಈ ಮಳೆಗಾಲದಲ್ಲಿ ಮನೆ ನಿಲ್ಲಬೇಕಾದರೆ ಆಗಲೇಬೇಕಾದದ್ದು. ಇನ್ನೊಂದು, ಬೇಸಿಗೆಯಲ್ಲಿ ಮಾಡಬೇಕಾದದ್ದು.

ಈ ಸುರಿಯುವ ಮಳೆಯಲ್ಲಿ ಮಣ್ಣಿನ ಗೋಡೆ ಏರಿಸಲು ಆಗುವುದಿಲ್ಲ, ಗಾರೆ ಒಣಗುವುದಿಲ್ಲ, ಹಸಿ ಮರದಲ್ಲಿ ಮಾಡು ಕಟ್ಟಿದರೆ ಬೇಸಿಗೆಗೆ ಸೊಟ್ಟಗಾಗುತ್ತದೆ. ಅಂದರೆ ದೊಡ್ಡ ಕೆಲಸ ಹೇಗಿದ್ದರೂ ಡಿಸೆಂಬರ್, ಜನವರಿಯವರೆಗೆ ಕಾಯಲೇಬೇಕು. ಈಗ ಬೇಕಾದದ್ದು ಒಡೆದ ಹೆಂಚಿನ ಬದಲಿ, ಮುರಿದ ರೀಪು ಪಕಾಸುಗಳಿಗೆ ಜೋಡಣೆ, ಬಾಗಿದ ತೊಲೆಗೆ ಊರುಗೋಲು, ಗೋಡೆಯ ಬುಡಕ್ಕೆ ನೀರು ಬಾರದಂತೆ ಚರಂಡಿ, ಗಾಳಿ ಹೊಡೆಯುವ ಪಕ್ಕಕ್ಕೆ ತಗಡು, ಮೇಲೆ ಗಟ್ಟಿ ಟಾರ್ಪಾಲು. ಮನೆಯ ಹಿಂದಿನ ಧರೆ ಬಿರುಕು ಬಿಟ್ಟಿದ್ದರೆ ಮಾತ್ರ ಲೆಕ್ಕವೇ ಬೇರೆ. ಆಗ ದುರಸ್ತಿಯ ಯೋಚನೆ ಬಿಟ್ಟು ಮನೆಯವರನ್ನೆಲ್ಲ ಬೇರೆಡೆಗೆ ಸಾಗಿಸಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಕಡೆ ಗುಡ್ಡಗಳು ಜರಿದದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಹೀಗೆ ಒಡೆದಾಗ, ಉದಾಹರಣೆಗೆ, 1,60,000 ರೂಪಾಯಿಯ ಅಂದಾಜಿನಲ್ಲಿ ಈಗ ಬೇಕಾದದ್ದು 18,000 ಅಥವಾ 20,000 ಮಾತ್ರವಾಗಿರಬಹುದು. ಉಳಿದ ಒಂದು ಲಕ್ಷ ನಲವತ್ತು ಸಾವಿರಕ್ಕೆ ಐದು ಆರು ತಿಂಗಳ ಕಾಲಾವಕಾಶ ಸಿಕ್ಕಿತು. ನಿಧಾನದ, ಅಗ್ಗದ ಹಣ ಬರಲು ಆ ಕಾಲ ಸಾಕು.

ಪರಿಹಾರ: ಮೊದಲ ದಿನದ ಕೆಲಸ

ಮಳೆ, ಗಾಳಿ, ನೆರೆ, ಭೂಕುಸಿತಗಳಿಂದ ಮನೆಗೆ ಹಾನಿಯಾದರೆ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಸಹಾಯವಿದೆ. 2022-23ರಿಂದ 2025-26ರ ಅವಧಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಮಾನದಂಡದಂತೆ ಪೂರ್ಣ ಹಾನಿಯಾದ ಮನೆಗೆ ಬಯಲುಸೀಮೆಯಲ್ಲಿ 1,20,000, ಗುಡ್ಡಗಾಡಿನಲ್ಲಿ 1,30,000 ರೂಪಾಯಿ. ಶೇಕಡಾ 15ಕ್ಕಿಂತ ಕಡಿಮೆಯಿಲ್ಲದ ಭಾಗಶಃ ಹಾನಿಗೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ 3,000. ಇದು ಕನಿಷ್ಠ ಚೌಕಟ್ಟು. ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಇದಕ್ಕೆ ಸೇರಿಸಿ ಕೊಟ್ಟ ವರ್ಷಗಳೂ ಇವೆ. 2019ರ ನೆರೆಯ ನಂತರ ಪೂರ್ಣ ಬಿದ್ದ ಮನೆಗೆ 5 ಲಕ್ಷ, ಅಲ್ಪ ಹಾನಿಗೆ 50,000 ರೂಪಾಯಿವರೆಗೆ ಕೊಟ್ಟಿತ್ತು. ಆ ವರ್ಷ ಹಾನಿಯನ್ನು ಶೇಕಡಾ 75ಕ್ಕೆ ಮೇಲ್ಪಟ್ಟದ್ದು, 25ರಿಂದ 75, 15ರಿಂದ 25 ಎಂದು ಮೂರು ವರ್ಗ ಮಾಡಿದರು. ಯಾವ ವರ್ಗಕ್ಕೆ ಬಿದ್ದಿರಿ ಎಂಬುದರ ಮೇಲೆ ಲಕ್ಷಗಳ ವ್ಯತ್ಯಾಸ. ಆದ್ದರಿಂದ ಸ್ಥಳ ಪರಿಶೀಲನೆಯ ದಿನ ನೀವು ಮನೆಯಲ್ಲಿರಬೇಕು. ತೋಟಕ್ಕೆ ಹೋಗಿದ್ದೆ, ಪೇಟೆಗೆ ಹೋಗಿದ್ದೆ ಎಂದರೆ ನಂತರ ಏನೂ ಮಾಡಲಾಗುವುದಿಲ್ಲ.

ಭಾಗಶಃ ಹಾನಿಗೆ ಸಿಗುವ 6,500 ರೂಪಾಯಿಯಲ್ಲಿ ಒಂದು ಕೋಣೆಯ ಮಾಡು ಕೂಡ ಆಗದೆಂದು ಎಲ್ಲರಿಗೂ ಗೊತ್ತು. "ಅದಕ್ಕಾಗಿ ಯಾರು ಅಲೆಯುತ್ತಾರೆ" ಎಂದು ಬಿಟ್ಟವರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಬಿಡಬಾರದು. ಎರಡು ಕಾರಣ. ಮೇಲೆ ಹೇಳಿದ ಮೊದಲ ಚೀಟಿಯ ಖರ್ಚಿನ ಮೂರನೇ ಒಂದು ಭಾಗ ಅದರಿಂದ ಆಗುತ್ತದೆ. ಇನ್ನೊಂದು, ಸರ್ಕಾರ ಮುಂದೆ ಹೆಚ್ಚಿನ ಪರಿಹಾರ ಘೋಷಿಸಿದರೆ ಅದು ಸಿಗುವುದು ಹಾನಿಯ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ.

ಮಾಡಬೇಕಾದ ಕ್ರಮ ಇಷ್ಟು. ಟಾರ್ಪಾಲು ಹೊದಿಸುವ ಮೊದಲೇ ಹಾನಿಯ ಚಿತ್ರಗಳನ್ನು ತೆಗೆದುಕೊಳ್ಳಿ. ಹೊರಗಿನಿಂದ ಪೂರ್ತಿ ಮನೆ ಕಾಣುವಂತೆ ಒಂದು, ಬಿದ್ದ ಭಾಗದ ಹತ್ತಿರದಿಂದ ಎರಡು ಮೂರು, ಒಳಗಿನಿಂದ ಒಂದು. ಬಿದ್ದ ಹೆಂಚು, ಮರಮುಟ್ಟುಗಳನ್ನು ಪರಿಶೀಲನೆ ಆಗುವವರೆಗೆ ಅಂಗಳದಲ್ಲೇ ಬಿಡಿ. ಅದೇ ದಿನ ಅಥವಾ ಮರುದಿನ ಗ್ರಾಮ ಆಡಳಿತಾಧಿಕಾರಿಗೆ (ನಾವು ಹಿಂದೆ ಗ್ರಾಮಲೆಕ್ಕಿಗರೆಂದು ಕರೆಯುತ್ತಿದ್ದವರು) ಲಿಖಿತ ಅರ್ಜಿ ಕೊಡಿ, ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ತಹಶೀಲ್ದಾರರ ಕಚೇರಿಗೂ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ವರದಿಗೆ ದಾಖಲೆಯಿಲ್ಲ. ಅರ್ಜಿ ತಿರಸ್ಕೃತವಾದರೆ ಕಾರಣ ತಿಳಿಸುವ ಹಿಂಬರಹ ಕೇಳಿ ಪಡೆಯಿರಿ. ಹಿಂಬರಹವಿದ್ದರೆ ಮೇಲಿನವರ ಬಳಿ ಹೋಗಬಹುದು, ಇಲ್ಲದಿದ್ದರೆ ಎಲ್ಲಿಗೂ ಹೋಗಲಾಗದು. ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕು ಖಾತೆಗೆ. ಖಾತೆ ನಿಷ್ಕ್ರಿಯವಾಗಿಲ್ಲವೆಂದು ಮೊದಲೇ ನೋಡಿಕೊಳ್ಳಿ.

ಕಾಡಾನೆ ನುಗ್ಗಿ ಗೋಡೆ ಕೆಡವಿದ್ದರೆ ಅರ್ಜಿ ಹೋಗಬೇಕಾದದ್ದು ಕಂದಾಯ ಇಲಾಖೆಗಲ್ಲ, ವಲಯ ಅರಣ್ಯಾಧಿಕಾರಿಯ ಕಚೇರಿಗೆ. ಬೆಳೆ ನಷ್ಟದ ಅರ್ಜಿ ಕೊಟ್ಟು ಮನೆಯ ಹಾನಿಯನ್ನು ಅದರಲ್ಲಿ ಸೇರಿಸದೆ ಬಿಡುವವರು ಬಹಳ. ಎರಡನ್ನೂ ಕಾಣಿಸಬೇಕು.

ಇನ್ನು ನಮ್ಮಲ್ಲಿ ಅನೇಕರಿಗೆ ಅಡ್ಡ ಬರುವ ತೊಡಕು ಇದು: ಪೂರ್ಣ ಹಾನಿಯ ಪರಿಹಾರಕ್ಕೆ ಮನೆ ಅಧಿಕೃತ ಕಟ್ಟಡವೆಂದು ಸಕ್ಷಮ ಅಧಿಕಾರಿ ದೃಢೀಕರಿಸಬೇಕೆಂಬ ನಿಯಮವಿದೆ. ನಮ್ಮ ಮನೆಗಳು ಗ್ರಾಮಠಾಣದಲ್ಲಿಲ್ಲ, ತೋಟದ ಮಧ್ಯೆ ಪಹಣಿ ಜಮೀನಿನಲ್ಲಿವೆ. ಕೃಷಿಕ ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಮನೆಗೆ ಪಂಚಾಯಿತಿಯ ನಂಬರಿಲ್ಲ, ತೆರಿಗೆ ಕಟ್ಟಿದ ರಶೀದಿಯಿಲ್ಲ ಎಂದಾದರೆ ಮನೆ ಇತ್ತೆಂದು ತೋರಿಸುವುದೇ ಕಷ್ಟ. ಪಹಣಿ ಇನ್ನೂ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ಇನ್ನಷ್ಟು ಕಷ್ಟ. ಮನೆ ಕಂದಾಯ ವರ್ಷಾವರ್ಷ ಕಟ್ಟಿ ರಶೀದಿ ಇಟ್ಟುಕೊಳ್ಳುವುದು, ಪೌತಿ ಖಾತೆ ಮಾಡಿಸಿಕೊಳ್ಳುವುದು, ಇವೆರಡಕ್ಕೆ ಆಗುವ ಖರ್ಚು ಹೆಚ್ಚಿಲ್ಲ. ಅಣ್ಣತಮ್ಮಂದಿರು ಕೂತು ಮಾತಾಡಬೇಕಾದ ಕಷ್ಟವೇ ದೊಡ್ಡದು. ಅದನ್ನು ಬೇಸಿಗೆಯಲ್ಲಿ, ಮನೆ ಇನ್ನೂ ನಿಂತಿರುವಾಗ ಮಾಡುವುದು ಸುಲಭ.

ವಸತಿ ಯೋಜನೆಗಳ ಬಗ್ಗೆ

"ಪಂಚಾಯಿತಿಯಿಂದ ಮನೆ ಬರುತ್ತದಂತೆ" ಎಂದು ವರ್ಷಗಟ್ಟಲೆ ಕಾಯುವವರಿದ್ದಾರೆ. ಸ್ಪಷ್ಟವಾಗಿ ಹೇಳುವುದಾದರೆ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ, ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಯೋಜನೆಗಳು ಮುಖ್ಯವಾಗಿ ಮನೆಯಿಲ್ಲದವರಿಗೆ ಮತ್ತು ಕಚ್ಚಾ ಮನೆಯವರಿಗೆ ಹೊಸ ಮನೆ ಕಟ್ಟಿಸಿಕೊಡಲು. ಇರುವ ಮನೆಯ ಮಾಡು ರಿಪೇರಿಗೆ ಅಲ್ಲ. ಕೇಂದ್ರ ಯೋಜನೆಯಲ್ಲಿ ಸಣ್ಣ ಬೆಳೆಗಾರರು ಹೊರಗುಳಿಯಲು ಇನ್ನೊಂದು ಕಾರಣವಿದೆ, ಇದು ಬಹಳ ಜನಕ್ಕೆ ತಿಳಿಯದು. 50,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಕುಟುಂಬ ತಾನಾಗಿಯೇ ಪಟ್ಟಿಯಿಂದ ಹೊರಗೆ. 2024ರಲ್ಲಿ ದ್ವಿಚಕ್ರ ವಾಹನ, ಫ್ರಿಜ್ಜುಗಳ ಷರತ್ತನ್ನು ಕೈಬಿಟ್ಟರೂ ಈ ಷರತ್ತು ಉಳಿಯಿತು. ಎರಡೂವರೆ ಎಕರೆ ಅಥವಾ ಹೆಚ್ಚು ನೀರಾವರಿ ಜಮೀನು, ಐದು ಎಕರೆ ಅಥವಾ ಹೆಚ್ಚು ಖುಷ್ಕಿ ಇದ್ದವರೂ ಹೊರಗೆ. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಕೈಹೆಂಚಿನ ಮಾಡು ಕಚ್ಚಾ ಎಂದೂ, ಯಂತ್ರದ ಹೆಂಚಿನದು ಪಕ್ಕಾ ಎಂದೂ ಎಣಿಕೆಯಾಯಿತು. ನಮ್ಮ ಮಂಗಳೂರು ಹೆಂಚು ಯಂತ್ರದ ಹೆಂಚು. ಕೆಳಗಿನ ಗೋಡೆ ಮಣ್ಣಿನದಾಗಿ ಗೆದ್ದಲು ತಿಂದಿದ್ದರೂ ಮೇಲಿನ ಹೆಂಚು ಪಕ್ಕಾ ಲೆಕ್ಕಕ್ಕೆ ಸೇರಿತು! ಈ ನಿಯಮ ಬದಲಾಗಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ಬದಲಾಗುವವರೆಗೆ ಮನೆ ಕಾಯುವುದಿಲ್ಲ.

ಹಾಗೆಂದು ಯಾರೂ ಅರ್ಜಿ ಹಾಕಬಾರದೆಂದಲ್ಲ. ಕಾರ್ಡಿಲ್ಲದ ಅರ್ಧ ಎಕರೆಯವರು, ವಿಧವೆಯರು, ಅಂಗವಿಕಲರು ಗ್ರಾಮಸಭೆಗೆ ತಪ್ಪದೆ ಹೋಗಿ ಹೆಸರು ಹೇಳಿಸಬೇಕು. ಆಯ್ಕೆ ನಡೆಯುವುದು ಅಲ್ಲಿ. ವಿಧವೆಯರು, ಅಂಗವಿಕಲರು ಮುಂತಾದ ವಿಶೇಷ ವರ್ಗದವರಿಗೆ ದೇವರಾಜ ಅರಸು ಯೋಜನೆ ಇದೆಯೆಂದು ನೆನಪಿಸಿ ಕೇಳಬೇಕು. ನಮ್ಮ ತೋಟಗಳಿಗೆ ಕೆಲಸಕ್ಕೆ ಬರುವ ಎಷ್ಟೋ ಕುಟುಂಬಗಳು ಈ ವರ್ಗದಲ್ಲಿವೆ. ಅವರ ಅರ್ಜಿ ಬರೆದುಕೊಡುವುದು, ಸಭೆಯ ದಿನ ಅವರಿಗೆ ಅರ್ಧ ದಿನ ರಜೆ ಕೊಡುವುದು ಬೆಳೆಗಾರರಿಗೆ ಭಾರವಾಗಲಾರದು.

ಸಾಲ: ಯಾವುದು ಯಾವುದಕ್ಕೆ

ಕಿಸಾನ್ ಕ್ರೆಡಿಟ್ ಕಾರ್ಡ್ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಅದು ಬಹುತೇಕ ಸದಸ್ಯರ ಕೈಯಲ್ಲಿ ಈಗಾಗಲೇ ಇದೆ. 2012ರಲ್ಲಿ ರಿಸರ್ವ್ ಬ್ಯಾಂಕು ಪರಿಷ್ಕರಿಸಿದ ಯೋಜನೆಯಂತೆ ಬೆಳೆಯ ಸಾಲಮಾನವನ್ನು ವಿಸ್ತೀರ್ಣದಿಂದ ಗುಣಿಸಿ ಬಂದ ಮೊತ್ತಕ್ಕೆ ಇನ್ನೆರಡು ಅಂಶಗಳು ಸೇರುತ್ತವೆ. ಕೊಯ್ಲೋತ್ತರ ಹಾಗೂ ಮನೆಬಳಕೆಯ ಅಗತ್ಯಗಳಿಗೆ ಶೇಕಡಾ 10. ಕೃಷಿ ಆಸ್ತಿಗಳ ದುರಸ್ತಿ ಮತ್ತು ನಿರ್ವಹಣೆಗೆ ಶೇಕಡಾ 20. ಬೆಳೆಯ ಲೆಕ್ಕ 2,00,000 ರೂಪಾಯಿ ಬಂದರೆ ಮನೆಬಳಕೆಗೆ 20,000, ಕೃಷಿ ಆಸ್ತಿಯ ದುರಸ್ತಿಗೆ 40,000. ಈ ಮನೆಬಳಕೆಯ ಭಾಗ ಮೇಲೆ ಹೇಳಿದ ಮೊದಲ ಚೀಟಿಗೆ ಹೇಳಿ ಮಾಡಿಸಿದಂತಿದೆ. ಎರಡನೆಯದು ವಾಸದ ಮನೆಗಲ್ಲ, ಆದರೆ ಪಂಪು, ಅಡಿಕೆ ಬೇಯಿಸುವ ಮನೆ, ಒಣಗಿಸುವ ಕಣ, ಉಗ್ರಾಣಗಳಿಗೆ ಉಂಟು. ನಮ್ಮ ಅನೇಕ ಮನೆಗಳಲ್ಲಿ ವಾಸದ ಕೋಣೆಗಳ ಪಕ್ಕಕ್ಕೇ ಉಗ್ರಾಣ, ಕೊಟ್ಟಿಗೆ ಹೊಂದಿಕೊಂಡಿರುತ್ತವೆ. ಅಂದಾಜು ಪಟ್ಟಿಯಲ್ಲಿ ಆ ಭಾಗವನ್ನು ಪ್ರತ್ಯೇಕವಾಗಿ ಕಾಣಿಸಿದರೆ ಆ ಖರ್ಚಿಗೆ ದಾರಿಯಾಗುತ್ತದೆ. ಮಿತಿ ನಿಗದಿಯಾಗುವಾಗ ಈ ಎರಡು ಅಂಶಗಳನ್ನು ಸೇರಿಸಿದ್ದಾರೆಯೇ ಎಂದು ನಿಮ್ಮ ಬ್ಯಾಂಕಿನ ವ್ಯವಸ್ಥಾಪಕರನ್ನು ವಿಚಾರಿಸಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023-24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಇದು ಬೆಳೆಗೆ ಕೊಟ್ಟ ಸಾಲ, ಇದನ್ನು ಗೋಡೆಗೆ ಹಾಕಬಾರದು. ಕಾನೂನಿನ ಮಾತು ಹಾಗಿರಲಿ, ಲೆಕ್ಕದಲ್ಲೂ ಅದು ಸರಿಬಾರದು. ವಾಯಿದೆಯ ದಿನಕ್ಕೆ ಸರಿಯಾಗಿ ಕಟ್ಟಿದವರಿಗೆ ಮಾತ್ರ ಬಡ್ಡಿ ಶೂನ್ಯ. ಹಣ ಗೋಡೆಯಲ್ಲಿ ಸಿಕ್ಕಿಕೊಂಡು ಸುಸ್ತಿಯಾದರೆ ಪೂರ್ತಿ ಮೊತ್ತಕ್ಕೆ ಬಡ್ಡಿ ಬೀಳುತ್ತದೆ, ಮರುವರ್ಷದ ಸಾಲಕ್ಕೂ ಕುತ್ತು. ಆದರೆ ಸರಿಯಾದ ರೀತಿಯಲ್ಲಿ ಇದರಿಂದ ಮನೆಗೆ ಉಪಕಾರ ಪಡೆಯಬಹುದು. ಗೊಬ್ಬರ, ಮೈಲುತುತ್ತ, ಸುಣ್ಣ, ಕೂಲಿಗೆ ಕೈಯಲ್ಲಿದ್ದ ನಗದನ್ನು ಖರ್ಚು ಮಾಡಿ, ಆಮೇಲೆ ಮನೆಗೆಂದು ದುಬಾರಿ ಸಾಲ ತರುವವರಿದ್ದಾರೆ. ಅದು ತಲೆಕೆಳಗಾದ ಕ್ರಮ. ತೋಟದ ಖರ್ಚನ್ನು ಪೂರ್ತಿ ಬೆಳೆಸಾಲದಿಂದ ಮಾಡಿ, ಕೈಯಲ್ಲಿರುವ ನಗದನ್ನು ಮನೆಗೆ ಉಳಿಸಿಕೊಳ್ಳಿ.

ಬೇಸಿಗೆಯ ದೊಡ್ಡ ಕೆಲಸಕ್ಕೆ, ಅಂದರೆ ಎರಡನೇ ಚೀಟಿಗೆ, ಬ್ಯಾಂಕಿನ ಅಥವಾ ತಾಲ್ಲೂಕಿನ ಪಿಕಾರ್ಡ್ ಬ್ಯಾಂಕಿನ ಗೃಹ ದುರಸ್ತಿ ಸಾಲ ಸೂಕ್ತ. ಹಾನಿಗೊಳಗಾದ ವಾಸದ ಮನೆಯ ದುರಸ್ತಿಗೆ ಗೊತ್ತಾದ ಮಿತಿಯೊಳಗೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕು ಆದ್ಯತಾ ವಲಯದಲ್ಲಿ ಸೇರಿಸಿದೆ. ಆದ್ದರಿಂದ "ದುರಸ್ತಿಗೆ ಸಾಲ ಕೊಡುವ ಪದ್ಧತಿಯಿಲ್ಲ" ಎಂದು ಹೇಳಿದರೆ ಒಪ್ಪಿಕೊಂಡು ಹಿಂದಿರುಗಬೇಡಿ. ಅರ್ಜಿ ಲಿಖಿತವಾಗಿ ಕೊಡಿ. ಬೇಕಾಗುವ ಕಾಗದಗಳು ಸಾಮಾನ್ಯವಾಗಿ ಪಹಣಿ, ಮನೆ ಗ್ರಾಮಠಾಣದಲ್ಲಿದ್ದರೆ ಪಂಚಾಯಿತಿಯ ಇ-ಸ್ವತ್ತು ನಮೂನೆಗಳು, ಮನೆ ಕಂದಾಯದ ರಶೀದಿ, ಇಂಜಿನಿಯರ್ ಸಹಿ ಮಾಡಿದ ಅಂದಾಜು ಪಟ್ಟಿ, ಎರಡು ಮೂರು ವರ್ಷಗಳ ಅಡಿಕೆ ಕಾಫಿ ಮಾರಾಟದ ಬಿಲ್ಲುಗಳು. ಕೊನೆಯದನ್ನು ಗಮನಿಸಿ. ಬಿಲ್ಲಿಲ್ಲದೆ ಮಾರಿದ ಮಾಲಿಗೆ ಆದಾಯದ ಸಾಕ್ಷಿಯಿಲ್ಲ. ಸಹಕಾರ ಸಂಘಕ್ಕೆ ಹಾಕಿದ ಅಡಿಕೆಯ ಪಟ್ಟಿ ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ. ಕಂತನ್ನು ತಿಂಗಳಿಗೊಮ್ಮೆ ಎಂದು ಒಪ್ಪಿಕೊಳ್ಳದೆ, ಫಸಲಿನ ಕಾಲಕ್ಕೆ ವರ್ಷಕ್ಕೊಮ್ಮೆ ಅಥವಾ ಎರಡು ಸಲ ಎಂದು ಗೊತ್ತುಮಾಡಿಕೊಡಲು ಕೇಳಿ. ಜೂನಿನಲ್ಲಿ ಕಂತು ಕಟ್ಟಲು ನಮ್ಮಂಥವರಿಗೆ ಎಲ್ಲಿಂದ ಬರಬೇಕು? ಜಮೀನಿನ ಮೇಲೆ ಸಾಲವಾದರೆ ಪಹಣಿಯ 11ನೇ ಕಾಲಮ್ಮಿನಲ್ಲಿ ಋಣ ದಾಖಲಾಗುತ್ತದೆ. ತೀರಿದ ಕೂಡಲೇ ಅದನ್ನು ತೆಗೆಸಿಕೊಳ್ಳಲು ಮರೆಯಬೇಡಿ. ಸಹಕಾರ ಸಂಸ್ಥೆಗಳ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲಕ್ಕಿರುವ ಶೇಕಡಾ 3ರ ರಿಯಾಯಿತಿ ಬಡ್ಡಿದರ ಕೃಷಿ ಉದ್ದೇಶಕ್ಕೆ ಮಾತ್ರ, ವಾಸದ ಮನೆಯ ಸಾಲಕ್ಕಲ್ಲವೆಂಬುದನ್ನೂ ತಿಳಿದಿರಿ.

ಮನೆಯಲ್ಲಿ ಒಣ ಅಡಿಕೆಯೋ ಕಾಫಿಯೋ ಉಳಿದಿದ್ದರೆ ಅದನ್ನು ಧಾರಣೆ ಬಿದ್ದ ಕಾಲದಲ್ಲಿ ಮಾರಬೇಕಾಗಿಲ್ಲ. ಸಹಕಾರಿ ಮಾರಾಟ ಸಂಘಗಳಲ್ಲಿ ಮಾಲಿನ ಅಡವಿನ ಮೇಲೆ ಮುಂಗಡ ಪಡೆಯುವ ಪದ್ಧತಿ ಬಹಳ ಹಿಂದಿನಿಂದ ಬಂದದ್ದು. ನೋಂದಾಯಿತ ಉಗ್ರಾಣದ ರಶೀದಿಯ ಮೇಲೆ ಬ್ಯಾಂಕುಗಳೂ ಕೊಡುತ್ತವೆ. ಚೆನ್ನಾಗಿ ಒಣಗಿಸಿ ಚೀಲ ಕಟ್ಟಿಟ್ಟವರಿಗೆ ಮಾತ್ರ ಇದು ಅನುಕೂಲ.

ಚಿನ್ನದ ಸಾಲ ಒಂದೇ ದಿನದಲ್ಲಿ ಸಿಗುತ್ತದೆ, ಬಡ್ಡಿ ಕೈಸಾಲಕ್ಕಿಂತ ಎಷ್ಟೋ ಕಡಿಮೆ. ಮೊದಲ ಚೀಟಿಗೆ ಕಾರ್ಡಿನಲ್ಲಿ ಮಿತಿ ಉಳಿದಿಲ್ಲವಾದರೆ ನಾನು ಇದನ್ನೇ ಸೂಚಿಸುತ್ತೇನೆ. ಒಡವೆಯ ಬೆಲೆಗೆ ಎಷ್ಟು ಸಿಗುತ್ತದೋ ಅಷ್ಟನ್ನೂ ಎತ್ತದೆ ಚೀಟಿಯಲ್ಲಿರುವಷ್ಟನ್ನೇ ಪಡೆಯಿರಿ. ವಾಯಿದೆ ಫಸಲಿನ ನಂತರಕ್ಕೆ ಬೀಳುವಂತೆ ನೋಡಿಕೊಳ್ಳಿ, ಹರಾಜಿನ ನೋಟೀಸು ಬರುವ ವಿಳಾಸ ಸರಿಯಿರಲಿ. ಮನೆಯಾಕೆಯ ಒಡವೆಯಾದ್ದರಿಂದ ಆಕೆಯ ಹೆಸರಿನಲ್ಲೇ ಸಾಲ ಪಡೆಯುವುದು ಉಚಿತ. ರಶೀದಿಯೂ ಆಕೆಯ ಬಳಿಯೇ ಇರಲಿ.

ಸ್ತ್ರೀಶಕ್ತಿ ಗುಂಪುಗಳ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳ ಸಾಲವೂ ನಮ್ಮ ಭಾಗದಲ್ಲಿ ಬಳಕೆಯಲ್ಲಿದೆ. ವಾರಕ್ಕೊಮ್ಮೆ ಕಟ್ಟುವ ಕ್ರಮವಿರುವುದರಿಂದ ಹಾಲು, ಕೂಲಿ, ಹೊಲಿಗೆ ಮುಂತಾದ ವಾರದ ಆದಾಯವಿರುವ ಮನೆಗಳಿಗೆ ಅದು ಹೊಂದುತ್ತದೆ. ಫಸಲನ್ನೇ ನಂಬಿದವರಿಗೆ ಹೊಂದುವುದಿಲ್ಲ. ಒಂದು ಗುಂಪಿನ ವಾರದ ಕಂತಿಗೆ ಇನ್ನೊಂದು ಕಿರುಸಾಲ ಸಂಸ್ಥೆಯಿಂದ ತರುವ ಪರಿಪಾಠ ಕಂಡುಬಂದರೆ ಅಲ್ಲಿಗೇ ನಿಲ್ಲಿಸಬೇಕು. ವಸೂಲಿಗಾರರ ಕಿರುಕುಳ ತಡೆಯಲು 2025ರಲ್ಲಿ ರಾಜ್ಯದಲ್ಲಿ ಮೊದಲು ಸುಗ್ರೀವಾಜ್ಞೆಯೂ ನಂತರ ಕಾಯ್ದೆಯೂ ಬಂದಿದೆ. ಮನೆ ಬಾಗಿಲಿಗೆ ಬಂದು ಅವಮಾನ ಮಾಡುವುದು, ಬೆದರಿಸುವುದು ಅಪರಾಧ. ಪೊಲೀಸ್ ಠಾಣೆಗೆ ದೂರು ಕೊಡಬಹುದು.

ವಿಮೆಯ ವಿಷಯ

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳೆಲ್ಲ "ಭಾರತ್ ಗೃಹ ರಕ್ಷಾ" ಎಂಬ ಒಂದೇ ಮಾದರಿಯ ಮನೆ ವಿಮೆಯನ್ನು ಕೊಡಬೇಕೆಂದಾಗಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಮರ ಬಿದ್ದು ಆಗುವ ಹಾನಿ ಇದರಲ್ಲಿ ಸೇರಿವೆ. ಕಟ್ಟಡದ ವಿಮಾ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನುಗಳಿಗೂ ತಾನಾಗಿಯೇ ರಕ್ಷಣೆ ಬರುತ್ತದೆ. ಹಳೆಯದಾಗಿ ಸವೆದು ಬಿದ್ದದ್ದಕ್ಕೆ, ಗೆದ್ದಲಿಗೆ ವಿಮೆಯಿಲ್ಲ. ಸೋಗೆ, ಹುಲ್ಲಿನ ಮಾಡಿದ್ದರೆ, ಗೋಡೆ ಮಣ್ಣಿನದಾಗಿದ್ದರೆ ಅದನ್ನು ಪ್ರಸ್ತಾವನೆಯಲ್ಲೇ ಬರೆಸಿ ಒಪ್ಪಿಗೆ ಪಡೆಯಬೇಕು. ಮುಚ್ಚಿಟ್ಟರೆ ಕ್ಲೇಮಿನ ದಿನ ತೊಂದರೆ. ದೊಡ್ಡ ಮರಗಳ ನೆರಳಿನಲ್ಲಿ ಮನೆಯಿರುವ ಕಾಫಿ ಬೆಳೆಗಾರರು ಮೇ ತಿಂಗಳೊಳಗೆ ಇದನ್ನು ವಿಚಾರಿಸುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ವಿಮೆ ಮಾಡಿಸಲು ಓಡುವುದು ಕೊನೆ ಕೊಳೆತ ಮೇಲೆ ಬೋರ್ಡೋ ಹೊಡೆದಂತೆ.

ಕಾಫಿ ಮಂಡಳಿಯ ಸಹಾಯಧನದ ಬಗ್ಗೆಯೂ ಕೇಳುತ್ತಾರೆ. ಅದು ಕಣ, ಉಗ್ರಾಣ, ಪಲ್ಪರ್, ನೀರಿನ ವ್ಯವಸ್ಥೆ ಮೊದಲಾದ ತೋಟದ ಕೆಲಸಗಳಿಗೆ, ವಾಸದ ಮನೆಗಲ್ಲ. ಉಗ್ರಾಣ ಬಿದ್ದಿದ್ದರೆ ಹೊಸದನ್ನು ಕಟ್ಟುವ ಮೊದಲೇ ಸಂಪರ್ಕಾಧಿಕಾರಿಯ ಕಚೇರಿಯಲ್ಲಿ ಅರ್ಜಿ ಹಾಕಿ ಮಂಜೂರಾತಿಯ ಕ್ರಮ ತಿಳಿದುಕೊಳ್ಳಿ. ಕಟ್ಟಿ ಮುಗಿಸಿ ಬಿಲ್ಲು ಹಿಡಿದು ಹೋದರೆ ಆಗದು.

ಕೊನೆಯದಾಗಿ ಸಂಘದ ಪರವಾಗಿ. ಹಾನಿ ಪರಿಹಾರದ ಅರ್ಜಿಯ ಮಾದರಿ, ಎರಡು ಚೀಟಿಯ ಅಂದಾಜು ನಮೂನೆ ಇವನ್ನು ಕಚೇರಿಯಲ್ಲಿ ಇಟ್ಟಿದ್ದೇವೆ. ಹಿಂದಿನ ವರ್ಷಗಳಲ್ಲಿ ಸಂಘಕ್ಕೆ ಮಾಲು ಹಾಕಿದ ಸದಸ್ಯರಿಗೆ ಮಾರಾಟದ ವಿವರಪಟ್ಟಿಯನ್ನು ಶುಲ್ಕವಿಲ್ಲದೆ ಮಾಡಿಕೊಡಲಾಗುವುದು. ಪಾಸ್ ಪುಸ್ತಕ ತನ್ನಿ. ಲಾಭ ವಿಲೇವಾರಿಯಲ್ಲಿ ಪ್ರತಿ ವರ್ಷ ತೆಗೆದಿಡುವ ಧರ್ಮಾರ್ಥ ನಿಧಿಯಿಂದ, ಮಳೆಗಾಲದಲ್ಲಿ ಮನೆಗೆ ಹಾನಿಯಾದ ಸದಸ್ಯರಿಗೆ ಟಾರ್ಪಾಲು ಮತ್ತು ಹೆಂಚಿನ ರೂಪದಲ್ಲಿ ತಕ್ಷಣದ ನೆರವು ಕೊಡುವ ಸಲಹೆಯನ್ನು ಮುಂದಿನ ಮಹಾಸಭೆಯ ಮುಂದೆ ಇಡುವವನಿದ್ದೇನೆ. ಇದಕ್ಕೆ ಉಪವಿಧಿಯ ಚೌಕಟ್ಟಿನಲ್ಲಿ ಎಷ್ಟು ಅವಕಾಶವಿದೆ, ಯಾರಿಗೆ ಮೊದಲು ಎಂಬುದನ್ನು ಸಭೆಯೇ ತೀರ್ಮಾನಿಸಬೇಕು. ಈ ವಿಷಯದಲ್ಲಿ ಸದಸ್ಯರು ತಮ್ಮ ಅಭಿಪ್ರಾಯವನ್ನು ಸಭೆಗೆ ಹದಿನೈದು ದಿನ ಮುಂಚಿತವಾಗಿ ಬರೆದು ಕಚೇರಿಗೆ ತಲುಪಿಸಬೇಕಾಗಿ ಕೋರಿಕೆ.

— ಕಾರ್ಯದರ್ಶಿ